ಎಂಟು ಸಲ ಕಲಸಿದರೂ ಕದಡದ ಕಟ್ಟು: ಫ್ಯಾರೋ ಶಫಲ್ ಕಲಿಯುವ ಬಗೆ

ಒಂದು ಹೊಸ ಇಸ್ಪೀಟ್ ಕಟ್ಟು ತೆಗೆದುಕೊಳ್ಳಿ. ಜೋಕರ್‌ಗಳನ್ನು ಪಕ್ಕಕ್ಕಿಡಿ. ಉಳಿದ 52 ಎಲೆಗಳನ್ನು ಸರಿಯಾಗಿ ಎರಡು ಪಾಲು ಮಾಡಿ. ಈ ಕೈಯಲ್ಲಿ 26, ಆ ಕೈಯಲ್ಲಿ 26. ಈಗ ಎರಡನ್ನೂ ಜಡೆಯಂತೆ ಹೆಣೆಯಿರಿ. ಈ ಪಾಲಿನದೊಂದು, ಆ ಪಾಲಿನದೊಂದು, ಮತ್ತೆ ಈ ಪಾಲಿನದೊಂದು. ಎಲ್ಲೂ ಎರಡು ಎಲೆ ಒಟ್ಟಿಗೆ ಬೀಳಬಾರದು. ಮೇಲಿನ ಎಲೆ ಪ್ರತಿ ಸಲವೂ ಮೇಲೆಯೇ ಉಳಿಯುವಂತೆ ಹೀಗೆ ಎಂಟು ಸಲ ಮಾಡಿ ಕಟ್ಟನ್ನು ಮೇಜಿನ ಮೇಲೆ ಹರಡಿದರೆ, ಅಂಗಡಿಯಿಂದ ತಂದಾಗ ಎಲೆಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮ ಮತ್ತೆ ಕಣ್ಣೆದುರು ಬರುತ್ತದೆ.

ನಾನು ಇದನ್ನು ಮೊದಲ ಸಲ ನೋಡಿದ್ದು ಕೈಚಳಕದಿಂದಲ್ಲ. ಆಗ ನನಗೆ ಹೀಗೆ ಹೆಣೆಯಲು ಬರುತ್ತಿರಲಿಲ್ಲ. ನೆಲದ ಮೇಲೆ ಕೂತು, ಒಂದೊಂದೇ ಎಲೆ ಎತ್ತಿ ಜೋಡಿಸುತ್ತಾ ಎಂಟು ಸುತ್ತು ಮುಗಿಸಿದೆ. ಐದನೇ ಸುತ್ತಿನಲ್ಲೂ ಕಟ್ಟು ಪೂರ್ತಿ ಚೆಲ್ಲಾಪಿಲ್ಲಿಯಾದಂತೆ ಕಾಣುತ್ತಿತ್ತು. ಎಂಟನೆಯದು ಮುಗಿದಾಗ ಎಕ್ಕದಿಂದ ರಾಜನವರೆಗೆ ಎಲ್ಲವೂ ಸಾಲಾಗಿ ನಿಂತಿದ್ದವು. ಕೆಲವು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ಕೈಯಿಂದ ಇದನ್ನು ಕಲಿಯಲೇಬೇಕು ಅನ್ನಿಸಿದ್ದು ಅವತ್ತು.

ಇದರ ಹೆಸರು ಫ್ಯಾರೋ ಶಫಲ್. ಇಸ್ಪೀಟ್ ಜಾದೂ ಮಾಡುವವರಿಗೆ ಇದು ಹಳೆಯ, ಗೌರವದ ವಿದ್ಯೆ.

ನಮ್ಮ ಮನೆಗಳಲ್ಲಿ ರಮ್ಮಿಗೆ ಕೂತಾಗ ಎಲೆ ಕಲಸುವ ರೀತಿ ಬೇರೆ. ಕಟ್ಟನ್ನು ಬಲಗೈಯಲ್ಲಿ ಹಿಡಿದು, ಮೇಲಿನಿಂದ ಸಣ್ಣ ಸಣ್ಣ ಗೊಂಚಲುಗಳನ್ನು ಎಡಗೈಗೆ ಬೀಳಿಸುತ್ತಾ ಹೋಗುತ್ತೇವೆ. ಹೊರದೇಶದ ಜಾದೂಗಾರರು ಇದನ್ನು ಹಿಂದೂ ಶಫಲ್ ಎಂದೇ ಕರೆಯುತ್ತಾರೆ. ಇದರಲ್ಲಿ ಗೊಂಚಲುಗಳು ಜಾಗ ಬದಲಿಸುತ್ತವೆ. ಆದರೆ ಒಂದು ಗೊಂಚಲಿನ ಒಳಗಿನ ಎಲೆಗಳು ಒಟ್ಟಿಗೇ ಉಳಿಯುತ್ತವೆ. ಇನ್ನೊಂದು ರೀತಿಯನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ಎರಡು ಅರ್ಧಗಳ ತುದಿಯನ್ನು ಹೆಬ್ಬೆರಳಿನಿಂದ ಪರ್ರನೆ ಬಿಟ್ಟು ಸೇರಿಸುವುದು. ಅದಕ್ಕೆ ರಿಫಲ್ ಎನ್ನುತ್ತಾರೆ. ಅಲ್ಲಿ ಎಲೆಗಳು ಬೆರೆಯುತ್ತವೆ, ಆದರೆ ಒಂದು ಕಡೆ ಎರಡು, ಒಂದು ಕಡೆ ಮೂರು ಹೀಗೆ ಬೀಳುತ್ತವೆ. ಫ್ಯಾರೋ ಅಂದರೆ ಒಂದು ಬಿಟ್ಟು ಒಂದು, ತಪ್ಪಿಲ್ಲದೆ. ಆ ಖಚಿತತೆ ಇರುವುದರಿಂದಲೇ ಇಲ್ಲಿ ಎಲೆಗಳು ನಿಜವಾಗಿ ಕಲಸಿಹೋಗುವುದಿಲ್ಲ. ನೋಡುವವರ ಕಣ್ಣಿಗೆ ಕಟ್ಟು ಕಲಸಿದಂತೆ ಕಾಣುತ್ತದೆ. ಮಾಡುವವರಿಗೆ ಮಾತ್ರ ಪ್ರತಿ ಎಲೆ ಎಲ್ಲಿಗೆ ಹೋಯಿತು ಎಂದು ಗೊತ್ತಿರುತ್ತದೆ.

ಮೊದಲು ಎಂಟೇ ಎಲೆ ಸಾಕು. ಯಾವುದಾದರೂ ಒಂದು ಬಣ್ಣದ ಎಕ್ಕದಿಂದ ಎಂಟರವರೆಗೆ ತೆಗೆದು ಸಾಲಾಗಿ ಇಡಿ: 1, 2, 3, 4, 5, 6, 7, 8. ಮೊದಲ ನಾಲ್ಕು ಒಂದು ಪಾಲು, ಕೊನೆಯ ನಾಲ್ಕು ಇನ್ನೊಂದು. ಹೆಣೆದಾಗ 1, 5, 2, 6, 3, 7, 4, 8 ಆಗುತ್ತದೆ. ಮತ್ತೆ ಅರ್ಧ ಮಾಡಿ ಹೆಣೆದರೆ 1, 3, 5, 7, 2, 4, 6, 8. ಬೆಸ ಸಂಖ್ಯೆಗಳು ಒಂದು ಕಡೆ, ಸಮ ಸಂಖ್ಯೆಗಳು ಇನ್ನೊಂದು ಕಡೆ. ಮೂರನೇ ಸಲ ಹೆಣೆಯಿರಿ. ಮತ್ತೆ 1ರಿಂದ 8. ಓದಿ ಬಿಡಬೇಡಿ, ದಯವಿಟ್ಟು ಕೈಯಾರೆ ಮಾಡಿ ನೋಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮೇಲಿದ್ದ 1 ಮೇಲೆಯೇ ಉಳಿಯಿತು, ಕೆಳಗಿದ್ದ 8 ಕೆಳಗೇ ಉಳಿಯಿತು. ಇದಕ್ಕೆ ಔಟ್ ಫ್ಯಾರೋ ಎನ್ನುತ್ತಾರೆ. ಮೊದಲ, ಕೊನೆಯ ಎಲೆ ಹೊರಗೇ ಇರುತ್ತವೆ, ಅದಕ್ಕೆ ಔಟ್. ಬದಲಿಗೆ 5ನ್ನು ಮೊದಲು ಇಟ್ಟು 5, 1, 6, 2, 7, 3, 8, 4 ಎಂದು ಹೆಣೆದರೆ 1 ಮತ್ತು 8 ಒಂದೊಂದು ಹೆಜ್ಜೆ ಒಳಗೆ ಬರುತ್ತವೆ. ಅದು ಇನ್ ಫ್ಯಾರೋ. ನೋಡುವವರಿಗೆ ಎರಡರ ನಡುವೆ ವ್ಯತ್ಯಾಸವೇ ಕಾಣದು. ಲೆಕ್ಕದಲ್ಲಿ ಮಾತ್ರ ಅಜಗಜಾಂತರ. 52 ಎಲೆಗಳ ಕಟ್ಟು ಔಟ್ ಮಾಡಿದರೆ 8 ಸಲಕ್ಕೆ ಮೊದಲಿನಂತಾಗುತ್ತದೆ. ಇನ್ ಮಾತ್ರ ಮಾಡುತ್ತಾ ಹೋದರೆ 52 ಸಲ ಬೇಕು. ಆ ದಾರಿಯ ನಟ್ಟನಡುವೆ, 26ನೇ ಸಲಕ್ಕೆ, ಕಟ್ಟು ಪೂರ್ತಿ ತಲೆಕೆಳಗಾಗಿ ನಿಂತಿರುತ್ತದೆ.

ಎಂಟೇ ಯಾಕೆ? ಕಾರಣ ಸರಳವಾದ ಎರಡರ ಮಗ್ಗಿ. ಎಲೆಗಳನ್ನು 1ರಿಂದ ಎಣಿಸುವ ಬದಲು, ಪ್ರತಿ ಎಲೆಯ ಮೇಲೆ ಎಷ್ಟು ಎಲೆಗಳಿವೆ ಎಂದು ಎಣಿಸಿ. ಮೇಲಿನದಕ್ಕೆ 0, ಅದರ ಕೆಳಗಿನದಕ್ಕೆ 1, ಕೊನೆಯದಕ್ಕೆ 51. ಔಟ್ ಫ್ಯಾರೋ ಮಾಡಿದಾಗ ಮೇಲಿನ ಅರ್ಧದ ಪ್ರತಿ ಎಲೆಯ ಸಂದಿಗೂ ಕೆಳಗಿನ ಅರ್ಧದ ಒಂದೊಂದು ಎಲೆ ಬಂದು ಕೂರುತ್ತದೆ. ಹಾಗಾಗಿ ಮೇಲಿದ್ದ ಎಲೆಗಳ ಲೆಕ್ಕ ಎರಡರಷ್ಟಾಗುತ್ತದೆ. 51 ದಾಟಿದರೆ ಅದರಿಂದ 51 ಕಳೆಯಿರಿ. ನಿಯಮ ಇಷ್ಟೇ.

ಈಗ ಲೆಕ್ಕ 1 ಇರುವ, ಅಂದರೆ ಮೇಲಿನಿಂದ ಎರಡನೇ ಎಲೆಯ ಹಿಂದೆ ಹೋಗೋಣ. 1, 2, 4, 8, 16, 32. ಮುಂದೆ 64, ಅದರಲ್ಲಿ 51 ಕಳೆದರೆ 13. ನಂತರ 26. ಆಮೇಲೆ 52, ಅದರಲ್ಲಿ 51 ಕಳೆದರೆ 1. ಎಂಟು ಹೆಜ್ಜೆಗೆ ಮನೆ ಸೇರಿತು. ಉಳಿದ ಎಲೆಗಳೂ ಎಂಟು ಹೆಜ್ಜೆಯಲ್ಲಿ, ಇಲ್ಲವೇ ಎಂಟನ್ನು ಭಾಗಿಸುವ ಸಂಖ್ಯೆಯ ಹೆಜ್ಜೆಗಳಲ್ಲಿ ಮನೆ ಸೇರುತ್ತವೆ. ಎರಡು ಎಲೆಗಳ ಕಥೆಯಂತೂ ತುಂಬಾ ಚೆಂದ. 17ರ ಎರಡರಷ್ಟು 34. 34ರ ಎರಡರಷ್ಟು 68, ಅದರಲ್ಲಿ 51 ಹೋದರೆ ಮತ್ತೆ 17. ಅಂದರೆ ಮೇಲಿನಿಂದ 18ನೇ ಎಲೆ ಮತ್ತು 35ನೇ ಎಲೆ ಪ್ರತಿ ಔಟ್ ಫ್ಯಾರೋದಲ್ಲೂ ಪರಸ್ಪರ ಜಾಗ ಬದಲಿಸಿಕೊಳ್ಳುತ್ತವೆ, ಅಷ್ಟೇ. ಅಭ್ಯಾಸ ಮಾಡುವಾಗ ಈ ಎರಡನ್ನು ಗುರುತಿಟ್ಟುಕೊಳ್ಳಿ. ಅವು ತಮ್ಮ ಜಾಗದಲ್ಲಿ ಸಿಗದಿದ್ದರೆ ಎಲ್ಲೋ ಕೈ ತಪ್ಪಿದೆ ಎಂದು ತಕ್ಷಣ ತಿಳಿಯುತ್ತದೆ.

ಲೆಕ್ಕ ಅರ್ಧ ಗಂಟೆಯಲ್ಲಿ ತಲೆಗೆ ಹೋಗುತ್ತದೆ. ಕೈ ಕುದುರಲು ವಾರಗಳು ಬೇಕು. ಅದಕ್ಕೆ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಎಲೆಗಳ ವಿಚಾರ. ಪೂರ್ತಿ ಪ್ಲಾಸ್ಟಿಕ್‌ನ ಎಲೆಗಳು ಬೇಡ. ಅವು ಜಾರುತ್ತವೆ, ಅವುಗಳ ಅಂಚು ಒಂದಕ್ಕೊಂದು ಕಚ್ಚುವುದಿಲ್ಲ. ಕಾಗದದ ಎಲೆಗಳೇ ಬೇಕು. ಹೊಸದಾಗಿರಬೇಕು, ಅಂಚು ಸವೆದಿರಬಾರದು. ಜಾದೂ ಕಲಿಯುವವರು ಹೆಚ್ಚಾಗಿ ಬೈಸಿಕಲ್ ಎಂಬ ಬ್ರ್ಯಾಂಡಿನ ಕಟ್ಟನ್ನು ಬಳಸುತ್ತಾರೆ. ಇನ್ನೊಂದು ಸಂಗತಿಯನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಎಲೆಗಳನ್ನು ದೊಡ್ಡ ಹಾಳೆಯಿಂದ ಕತ್ತರಿಸುವಾಗ ಅಲಗು ಒಂದೇ ಕಡೆಯಿಂದ ಇಳಿಯುತ್ತದೆ. ಅದರಿಂದ ಅಂಚು ಕೂದಲೆಳೆಯಷ್ಟು ಓರೆಯಾಗುತ್ತದೆ. ಈ ಓರೆಯಿಂದಾಗಿ ಹೆಣಿಗೆ ಒಂದು ದಿಕ್ಕಿನಲ್ಲಿ ಸಲೀಸಾಗಿ ಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಒದ್ದಾಡುತ್ತದೆ. ಕೆಳಗಿನಿಂದ ಮೇಲಕ್ಕೆ ಹೆಣೆದು ನೋಡಿ. ಬರದಿದ್ದರೆ ಕಟ್ಟನ್ನು ಮುಖ ಮೇಲಾಗಿ ತಿರುಗಿಸಿ ಮತ್ತೆ ನೋಡಿ. ಎಷ್ಟೋ ಜನ ತಪ್ಪು ತಮ್ಮ ಕೈಯದೇ ಅಂದುಕೊಂಡು ಇಲ್ಲೇ ಬಿಟ್ಟುಬಿಡುತ್ತಾರೆ. ಕಟ್ಟನ್ನು ಒಂದು ಸಲ ತಿರುಗಿಸಿದ್ದರೆ ಸಾಕಾಗುತ್ತಿತ್ತು.

ಈಗ ಕಟ್ಟನ್ನು ಮೇಜಿಗೆ ತಟ್ಟಿ ನಾಲ್ಕೂ ಬದಿ ಸಮ ಮಾಡಿ. ಸುಮ್ನೆ ಒಂದು ಸಲ ತಟ್ಟಿದರೆ ಸಾಲದು. ಒಂದು ಎಲೆ ಹೊರಗೆ ಇಣುಕಿದರೂ ಅಲ್ಲಿ ಹೆಣಿಗೆ ನಿಲ್ಲುತ್ತದೆ. ಕಟ್ಟನ್ನು ಅಡ್ಡಲಾಗಿ ಎಡಗೈಯಲ್ಲಿ ಹಿಡಿಯಿರಿ. ಒಂದು ಉದ್ದ ಬದಿಗೆ ಹೆಬ್ಬೆರಳು, ಇನ್ನೊಂದು ಉದ್ದ ಬದಿಗೆ ನಡುಬೆರಳು ಮತ್ತು ಉಂಗುರಬೆರಳು. ತೋರುಬೆರಳು ಮಡಚಿ ಎಲೆಯ ಬೆನ್ನಿನ ಮೇಲೆ ಇರಲಿ. ಹಿಡಿತ ಎಡ ತುದಿಯ ಹತ್ತಿರ, ಬಲ ತುದಿ ಬಿಡುವಾಗಿರಲಿ. ಬಲಗೈ ಇದೇ ರೀತಿ ಹಿಡಿದು ಮೇಲಿನ ಅರ್ಧವನ್ನು ಎತ್ತಿ ಬಲಕ್ಕೆ ತರಲಿ. ಈಗ ಎರಡೂ ಅರ್ಧಗಳ ಗಿಡ್ಡ ಬದಿಗಳು ಎದುರುಬದುರಾದವು.

26 ಎಲೆ ಎತ್ತಿದ್ದೇವೆ ಎಂದು ತಿಳಿಯುವುದು ಹೇಗೆ? ಅದು ಕಣ್ಣಳತೆ. ಸಂತೆಯಲ್ಲಿ ಹೂವಿನವರು ಮೊಳ ಅಳೆಯುವುದನ್ನು ನೋಡಿದ್ದೀರಲ್ವಾ, ಅದೇ ಜಾತಿಯ ಕಲಿಕೆ. ಇದಕ್ಕೆ ಒಳ್ಳೆಯ ಸಾಧನೆ ಒಂದಿದೆ. 26 ಕೆಂಪು ಎಲೆಗಳನ್ನು ಮೇಲೆ, 26 ಕಪ್ಪು ಎಲೆಗಳನ್ನು ಕೆಳಗೆ ಜೋಡಿಸಿ. ಅರ್ಧ ಎತ್ತಿ, ಎತ್ತಿದ ಪಾಲಿನ ತಳ ನೋಡಿ. ಕಪ್ಪು ಕಂಡರೆ ಜಾಸ್ತಿ ಎತ್ತಿದ್ದೀರಿ. ಎತ್ತಿದ್ದು ಕೆಂಪು, ಆದರೆ ಉಳಿದ ಪಾಲಿನ ಮೇಲೂ ಕೆಂಪು ಇದ್ದರೆ ಕಡಿಮೆ ಎತ್ತಿದ್ದೀರಿ. ದಿನಕ್ಕೆ ಐವತ್ತು ಸಲ ಹೀಗೆ ಎತ್ತಿ ನೋಡುವುದು ನನ್ನ ಅಭ್ಯಾಸವಾಗಿತ್ತು. ಎರಡನೇ ವಾರಕ್ಕೆ ಒಂದೆರಡು ಎಲೆಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಆ ಒಂದೆರಡನ್ನು ಹೆಣೆಯುವಾಗ ಸರಿ ಮಾಡಬಹುದು. ಒಂದು ಪಾಲು ಹೆಚ್ಚಿದ್ದರೆ ಕೊನೆಯಲ್ಲಿ ಆ ಪಾಲಿನ ಎಲೆಗಳು ಜೊತೆಯಿಲ್ಲದೆ ಉಳಿದಿರುವುದು ಕಾಣುತ್ತದೆ.

ಮುಂದಿನದು ಹೆಣಿಗೆ. ಅಂಚಿಗೆ ಅಂಚನ್ನು ಪೂರ್ತಿ ತಾಗಿಸಬೇಡಿ. ಎರಡೂ ಅರ್ಧಗಳನ್ನು ತುಸು ಓರೆಯಾಗಿ ಹಿಡಿದು ಒಂದು ಕಡೆಯ ಮೂಲೆಗಳು ಮಾತ್ರ ಮುಟ್ಟುವಂತೆ ಮಾಡಿ. ಮೆಲ್ಲಗೆ ಒತ್ತಿ. ಒತ್ತುತ್ತಲೇ ಬಲಗೈಯ ಅರ್ಧವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಆಡಿಸಿ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಂದು ಎಲೆ ಇನ್ನೆರಡರ ನಡುವೆ ನುಸುಳುತ್ತದೆ, ಅದರ ಹಿಂದೆಯೇ ಉಳಿದವೆಲ್ಲ ಜಿಪ್ ಎಳೆದಂತೆ ಸರಸರ ಕೂಡಿಕೊಳ್ಳುತ್ತವೆ. ಅದು ಕಿವಿಗೂ ಕೇಳುತ್ತದೆ, ಬೆರಳಿಗೂ ತಿಳಿಯುತ್ತದೆ. ಆ ಕ್ಷಣ ಒಮ್ಮೆ ಅನುಭವಿಸಿದ ಮೇಲೆ ಈ ವಿದ್ಯೆಯನ್ನು ಬಿಡಲು ಮನಸ್ಸೇ ಬರುವುದಿಲ್ಲ.

ಎಲ್ಲರೂ ಮಾಡುವ ತಪ್ಪು ಜೋರಾಗಿ ಒತ್ತುವುದು. ಬರಲಿಲ್ಲ ಅಂದರೆ ಕೈ ತಾನಾಗಿಯೇ ಬಿಗಿಯಾಗುತ್ತದೆ. ಬಿಗಿಯಾದಷ್ಟೂ ಎಲೆಗಳು ಗೊಂಚಲುಗೊಂಚಲಾಗಿ ಸೇರುತ್ತವೆ. ಬರದಿದ್ದಾಗ ಹಿಡಿತ ಸಡಿಲಿಸಿ, ಕಟ್ಟನ್ನು ಮತ್ತೆ ತಟ್ಟಿ ಸಮ ಮಾಡಿ, ಇನ್ನೂ ಮೆಲ್ಲಗೆ ಒತ್ತಿ ನೋಡಿ. ನನಗೆ ಮೊದಲ ಪೂರ್ತಿ ಹೆಣಿಗೆ ಬಿದ್ದದ್ದು ಮೂರನೇ ವಾರದಲ್ಲಿ. ಸತತ ಎಂಟು ಬೀಳಲು ಐದು ತಿಂಗಳು ಹಿಡಿಯಿತು.

ಹೆಣಿಗೆ ಸರಿ ಬಿದ್ದಿದೆಯೇ ಎಂದು ನೋಡಲು ಆ ಕೆಂಪು-ಕಪ್ಪು ಕಟ್ಟೇ ಸಾಕು. ಒಂದು ಫ್ಯಾರೋ ಆದ ಮೇಲೆ ಹರಡಿದರೆ ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಕೊನೆಯವರೆಗೂ ಹೋಗಬೇಕು. ಎರಡು ಕೆಂಪು ಅಕ್ಕಪಕ್ಕ ಬಂದಿದ್ದರೆ ತಪ್ಪು ಎಲ್ಲಾಗಿದೆ ಎಂದು ಅದೇ ತೋರಿಸುತ್ತದೆ. ತಪ್ಪು ಪ್ರತಿ ಸಲ ಕಟ್ಟಿನ ಒಂದೇ ಭಾಗದಲ್ಲಿ ಬರುತ್ತಿದ್ದರೆ, ಅಲ್ಲಿ ಎಲೆಗಳ ಮೂಲೆ ಬಾಗಿದೆ ಅಥವಾ ನಿಮ್ಮ ಒಂದು ಬೆರಳು ಹೆಚ್ಚು ಒತ್ತುತ್ತಿದೆ ಎಂದರ್ಥ.

ಈ ವಿದ್ಯೆಯ ಹುಟ್ಟು ಜಾದೂ ರಂಗದಲ್ಲಲ್ಲ, ಜೂಜುಕಟ್ಟೆಯಲ್ಲಿ. ಫ್ಯಾರೋ ಎಂಬುದು 18ನೇ ಶತಮಾನದ ಫ್ರಾನ್ಸ್‌ನಲ್ಲೂ 19ನೇ ಶತಮಾನದ ಅಮೆರಿಕದಲ್ಲೂ ಬಲು ಜೋರಾಗಿದ್ದ ಇಸ್ಪೀಟ್ ಆಟ. ಅದರಲ್ಲಿ ಎಲೆಗಳು ಎರಡೆರಡಾಗಿ ಹೊರಬಂದು, ಗೆದ್ದ ಎಲೆ, ಸೋತ ಎಲೆ ಎಂದು ಎರಡು ಗುಡ್ಡೆಯಾಗುತ್ತಿದ್ದವು. ಒಂದೇ ಸಲಕ್ಕೆ ಬಂದ ಎರಡೂ ಒಂದೇ ಅಂಕದವಾದರೆ, ಅದರ ಮೇಲೆ ಕಟ್ಟಿದ ಹಣದಲ್ಲಿ ಅರ್ಧ ಆಟ ನಡೆಸುವವನಿಗೆ. ಮೋಸದ ಕೈಗಳು ಆ ಎರಡು ಗುಡ್ಡೆಗಳನ್ನು ಬೇಕಾದ ಜೋಡಿಗಳು ಅಕ್ಕಪಕ್ಕ ಬೀಳುವಂತೆ ಹೆಣೆಯುತ್ತಿದ್ದವು. ಇಂಗ್ಲೆಂಡಿನ ಜಾದೂಗಾರ ಜಾನ್ ನೆವಿಲ್ ಮ್ಯಾಸ್ಕೆಲಿನ್ ಜೂಜಿನ ಮೋಸಗಳನ್ನು ಬಯಲಿಗೆಳೆದು 1894ರಲ್ಲಿ ಬರೆದ ಪುಸ್ತಕದಲ್ಲಿ ಈ ಕಲಸುವಿಕೆಯನ್ನೂ ವಿವರಿಸಿದ್ದಾರೆ. ಹಣ ಕಸಿಯಲು ಹುಟ್ಟಿದ ಚಳಕ ಕೊನೆಗೆ ಜನರನ್ನು ಬೆರಗುಗೊಳಿಸುವ ಕೆಲಸಕ್ಕೆ ಬಂತು. ಇದು ನನಗೆ ನಿಜಕ್ಕೂ ಸಂತೋಷ ಕೊಡುವ ಸಂಗತಿ.

1950ರ ದಶಕದಲ್ಲಿ ಇದಕ್ಕೆ ಹೊಸ ಬಾಗಿಲು ತೆರೆದವರು ಅಲೆಕ್ಸ್ ಎಲ್ಮ್ಸ್‌ಲಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು, ಕಂಪ್ಯೂಟರ್ ಕೆಲಸದವರು, ಜಾದೂಗಾರರೂ ಹೌದು. ಇನ್, ಔಟ್ ಎಂಬ ಹೆಸರುಗಳನ್ನು ಕೊಟ್ಟವರೂ ಅವರೇ. ಅವರ ಪ್ರಶ್ನೆ ಇದು: ಮೇಲಿನ ಎಲೆಯನ್ನು ನನಗೆ ಬೇಕಾದ ಜಾಗಕ್ಕೆ ಬರೀ ಫ್ಯಾರೋಗಳಿಂದಲೇ ಕಳಿಸಬಹುದೇ?

ಉತ್ತರ ಸೊಗಸಾಗಿದೆ. ಔಟ್ ಮಾಡಿದರೆ ಎಲೆಯ ಮೇಲಿನ ಲೆಕ್ಕ ಎರಡರಷ್ಟು. ಇನ್ ಮಾಡಿದರೆ ಎರಡರಷ್ಟು ಮತ್ತು ಇನ್ನೊಂದು. ಎದುರಿನವರು "22ನೇ ಜಾಗ" ಅಂದರು ಎನ್ನಿ. ಅಂದರೆ ಮೇಲೆ 21 ಎಲೆ ಇರಬೇಕು. 21ನ್ನು ಅರ್ಧ ಮಾಡುತ್ತಾ ಬನ್ನಿ, ಉಳಿದ ಒಂದನ್ನು ಬಿಡುತ್ತಾ: 21, 10, 5, 2, 1. ಬೆಸ ಸಂಖ್ಯೆಗೆ ಇನ್, ಸಮ ಸಂಖ್ಯೆಗೆ ಔಟ್. ಈಗ ಕೊನೆಯಿಂದ ಹಿಂದಕ್ಕೆ ಓದಿ. 1 ಇನ್, 2 ಔಟ್, 5 ಇನ್, 10 ಔಟ್, 21 ಇನ್. ಐದು ಫ್ಯಾರೋಗಳಲ್ಲಿ ಎಲೆ 0ಯಿಂದ 1, 2, 5, 10, 21 ಎಂದು ಇಳಿದು ಸರಿಯಾಗಿ 22ನೆಯದಾಗಿ ಕೂರುತ್ತದೆ. ಕಂಪ್ಯೂಟರ್ ಬಲ್ಲವರು ಇದರಲ್ಲಿ 10101 ಎಂಬ ಬೈನರಿ ಸಂಖ್ಯೆಯನ್ನು ಕಾಣುತ್ತಾರೆ.

ನನಗೆ ಕಂಡದ್ದು ಲಘು-ಗುರು. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಅಕ್ಷರಗಳ ಮೇಲೆ ಬಟ್ಟಲು, ಗೆರೆ ಎಳೆದದ್ದು ನೆನಪಿದೆಯಾ? ಎರಡು ಸಾವಿರ ವರ್ಷಕ್ಕೂ ಹಿಂದಿನ ಪಿಂಗಳನ ಛಂದಶ್ಶಾಸ್ತ್ರದಲ್ಲಿ ಲಘು-ಗುರುಗಳ ಇಷ್ಟನೇ ಸಾಲು ಹೇಗಿರುತ್ತದೆ ಎಂದು ಕಂಡುಹಿಡಿಯುವ ಒಂದು ವಿಧಾನವಿದೆ. ಅದರ ಹೆಸರು ನಷ್ಟ. ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋಗಬೇಕು. ಸಮವಾದರೆ ಲಘು ಬರೆಯಬೇಕು. ಬೆಸವಾದರೆ ಒಂದು ಸೇರಿಸಿ ಅರ್ಧ ಮಾಡಿ ಗುರು ಬರೆಯಬೇಕು. ಎಲ್ಮ್ಸ್‌ಲಿ ಅವರ ಲೆಕ್ಕಕ್ಕೂ ಇದಕ್ಕೂ ಬುಡ ಒಂದೇ, ಎರಡೆರಡಾಗಿ ಒಡೆಯುವುದು. ಅಭ್ಯಾಸದ ಪುಸ್ತಕದಲ್ಲಿ ನಾನು ಇನ್‌ಗೆ ಗೆರೆ, ಔಟ್‌ಗೆ ಬಟ್ಟಲು ಬರೆದುಕೊಳ್ಳುತ್ತೇನೆ. ಕನ್ನಡ ಶಾಲೆಯಲ್ಲಿ ಓದಿದ ಕಣ್ಣಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಹಾಗಾದರೆ ಎಲೆಗಳು ನಿಜವಾಗಿ ಕಲಸಬೇಕಾದರೆ ಏನು ಮಾಡಬೇಕು? ಅದಕ್ಕೆ ತಪ್ಪುಗಳೇ ಬೇಕು. ಪರ್ಸಿ ಡಯಾಕೋನಿಸ್ ಎಂಬ ಅಮೆರಿಕದ ಗಣಿತಜ್ಞ 14ನೇ ವಯಸ್ಸಿಗೆ ಮನೆ ಬಿಟ್ಟು, ಡಾಯ್ ವರ್ನನ್ ಎಂಬ ಪ್ರಸಿದ್ಧ ಜಾದೂಗಾರರ ಜೊತೆ ಊರೂರು ಸುತ್ತಿದವರು. ಅವರು ಮತ್ತು ಡೇವ್ ಬೇಯರ್ 1992ರಲ್ಲಿ ರಿಫಲ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಸಾಮಾನ್ಯ ಜನ ಮಾಡುವ, ಅಲ್ಲಲ್ಲಿ ತಪ್ಪುವ ರಿಫಲ್ ಸುಮಾರು ಏಳು ಸಲ ಆದರೆ 52 ಎಲೆಗಳು ಸಾಕಷ್ಟು ಕಲಸುತ್ತವೆ ಎಂದು ಅದರಲ್ಲಿ ತೋರಿಸಿದರು. ಏಳು ತಪ್ಪು ರಿಫಲ್‌ಗೆ ಕಟ್ಟು ಪೂರ್ತಿ ಕದಡುತ್ತದೆ, ಎಂಟು ತಪ್ಪಿಲ್ಲದ ಫ್ಯಾರೋಗೆ ಒಂದು ಎಲೆಯೂ ಕದಲಿರುವುದಿಲ್ಲ. ಹಾಗಾಗಿ ರಮ್ಮಿಗೆ ಕೂತಾಗ ಫ್ಯಾರೋ ಬೇಡವೇ ಬೇಡ.

ಕೈ ಅಷ್ಟಿಷ್ಟು ಪಳಗಿದ ಮೇಲೆ ಮೊದಲು ಯಾವ ಆಟ ತೋರಿಸಬೇಕು? ಎಂಟು ಫ್ಯಾರೋಗಳದ್ದಲ್ಲ. ಅಷ್ಟು ಹೊತ್ತು ಬರೀ ಕಲಸುವುದನ್ನು ನೋಡುತ್ತಾ ಯಾರೂ ಕೂರುವುದಿಲ್ಲ. ನನ್ನ ಸಲಹೆ ಕನ್ನಡಿ ಜೋಡಣೆ. ಮೇಲಿನಿಂದ ಒಂದು ಬಣ್ಣ ಎಕ್ಕದಿಂದ ರಾಜನವರೆಗೆ, ಎರಡನೆಯದೂ ಹಾಗೆಯೇ, ಮೂರನೆಯದು ರಾಜನಿಂದ ಎಕ್ಕದವರೆಗೆ, ನಾಲ್ಕನೆಯದೂ ಹಾಗೆಯೇ ಜೋಡಿಸಿ. ಬೈಸಿಕಲ್ ಕಟ್ಟು ಹೊಸದಾಗಿ ತೆರೆದಾಗ ಜೋಕರ್ ಮತ್ತು ಜಾಹೀರಾತಿನ ಎಲೆ ತೆಗೆದರೆ ಈ ಕ್ರಮದಲ್ಲೇ ಇರುತ್ತದೆ. ಮೇಲಿನಿಂದ ಮೊದಲನೆಯದು ಎಕ್ಕ, ಕೆಳಗಿನಿಂದ ಮೊದಲನೆಯದೂ ಎಕ್ಕ. ಮೇಲಿನಿಂದ ಐದನೆಯದು ಐದು, ಕೆಳಗಿನಿಂದ ಐದನೆಯದೂ ಐದು. ಫ್ಯಾರೋ ಈ ಕನ್ನಡಿಯನ್ನು ಒಡೆಯುವುದೇ ಇಲ್ಲ. ಇನ್ ಆಗಲಿ, ಔಟ್ ಆಗಲಿ, ಎಷ್ಟು ಸಲ ಮಾಡಿದರೂ ಎರಡು ತುದಿಗಳಿಂದ ಸಮ ದೂರದಲ್ಲಿರುವ ಎಲೆಗಳು ಒಂದೇ ಅಂಕದವಾಗಿರುತ್ತವೆ.

ಆದ್ದರಿಂದ ಆಯ್ಕೆಯನ್ನು ನೋಡುವವರಿಗೇ ಬಿಡಿ. ಪ್ರತಿ ಸಲವೂ "ಮೇಲಿನ ಎಲೆ ಮೇಲೇ ಇರಲಾ, ಒಳಗೆ ಹೋಗಲಾ?" ಎಂದು ಕೇಳಿ, ಅವರು ಹೇಳಿದಂತೆ ಮಾಡಿ. ಮೂರು ಫ್ಯಾರೋ ಸಾಕು. ಕಟ್ ಮಾಡಲು ಮಾತ್ರ ಕೊಡಬೇಡಿ. ಕೊನೆಗೆ 26ಕ್ಕೆ ಸರಿಯಾಗಿ ಎತ್ತಿ ಎರಡು ಪಾಲು ಮಾಡಿ. ಎತ್ತಿದ್ದು ಸರಿಯೇ ಎಂದು ನೋಡಲೂ ದಾರಿಯಿದೆ. ಮೇಲಿನ ಪಾಲಿನ ತಳದ ಎಲೆ ಮತ್ತು ಕೆಳಗಿನ ಪಾಲಿನ ಮೇಲಿನ ಎಲೆ ಒಂದೇ ಅಂಕದವಾಗಿರಬೇಕು. ಮೇಲಿನ ಪಾಲು ಬೆನ್ನು ಮೇಲಾಗಿಯೇ ಇರಲಿ, ಕೆಳಗಿನ ಪಾಲನ್ನು ಮುಖ ಮೇಲಾಗಿ ತಿರುಗಿಸಿ ಎದುರಿನವರ ಮುಂದಿಡಿ. ನೀವು ನಿಮ್ಮ ಪಾಲಿನ ಮೇಲಿನ ಎಲೆ ತಿರುಗಿಸಿ. ಅವರ ಮುಂದೆ ಕಾಣುತ್ತಿರುವ ಎಲೆಯ ಅಂಕವೇ ನಿಮ್ಮದರಲ್ಲೂ ಇರುತ್ತದೆ. ಎರಡನ್ನೂ ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗಿ. ಮೊದಲ ಎರಡು ಜೋಡಿಗೆ ಜನ ಮುಗುಳ್ನಗುತ್ತಾರೆ. ಹತ್ತನೆಯದರ ಹೊತ್ತಿಗೆ ಮಾತು ನಿಲ್ಲುತ್ತದೆ. ಅಲ್ಲಿಂದ ಮುಂದೆ ಎಲೆ ತಿರುಗಿಸುವ ಕೆಲಸವನ್ನು ಅವರ ಕೈಗೇ ಕೊಟ್ಟು, ನೀವು ಸ್ವಲ್ಪ ಹಿಂದಕ್ಕೆ ಸರಿದು ಕೂತುಕೊಳ್ಳಿ.